ಆಗಸ್ಟ್ 1ರಿಂದ ನಿಮ್ಮ ಬೋಟಿನ ಸಂದೇಶ ಪೆಟ್ಟಿಗೆಗೆ ಹೊಸ ಕೀಲಿ ವ್ಯವಸ್ಥೆ

ಬೋಟ್ ಮಾಲೀಕರಿಗೂ ಬೋಟ್ ನಡೆಸುವ ತಾಂಡೇಲರಿಗೂ ನಮಸ್ಕಾರ.

ಜೂನ್ 1ರಿಂದ 61 ದಿನ ಬೋಟುಗಳು ದಡದಲ್ಲೇ ಇರುತ್ತವೆ. ಈ ರಜೆಯಲ್ಲೇ ಒಂದು ಕೆಲಸ ಮುಗಿಸಿಕೊಳ್ಳಿ. ಸಿಗ್ನಲ್ ಇಲ್ಲದ ಕಡಲಲ್ಲೂ ಬೋಟಿನಿಂದ ಬೋಟಿಗೆ ಸಂದೇಶ ದಾಟಿಸುವ ನಿಮ್ಮ ಸಂದೇಶ ಪೆಟ್ಟಿಗೆಯನ್ನು ಜುಲೈ 31ರೊಳಗೆ ಬೈತಖೋಲದ ನಮ್ಮ ಅಂಗಡಿಗೆ ತನ್ನಿ. ಅರ್ಧ ಗಂಟೆ ಸಾಕು, ದುಡ್ಡು ಬೇಡ.

ಕಳೆದ ಮಾರ್ಚಿನಲ್ಲಿ ಒಬ್ಬ ತಾಂಡೇಲರು ರಾತ್ರಿ "ಎಂಜಿನ್ ಬಿಸಿಯಾಗ್ತಿದೆ" ಅಂತ ಬರೆದು ಗುಂಡಿ ಒತ್ತಿದರು. ಸಂದೇಶ ಹೋಗಲಿಲ್ಲ. "ಕೀಲಿ ಅವಧಿ ಮುಗಿದಿದೆ, ಬಂದರಿನ ಸಂಪರ್ಕ ಬೇಕು" ಅಂತ ಬಂತು. ಬೇರೆ ಬೋಟಿನವರು ಕಂಡು ಎಳೆದು ತಂದರು. ಪೆಟ್ಟಿಗೆ ನಮ್ಮ ಮೇಜಿಗೆ ಬಂದಾಗ ಗುಂಡಿಯ ಸುತ್ತ ಮೀನಿನ ಹುರುಪೆ ಅಂಟಿಕೊಂಡಿತ್ತು. ಎಷ್ಟು ಸಲ ಒತ್ತಿದ್ದರೋ. ತಪ್ಪು ನಮ್ಮದು, ಕ್ಷಮಿಸಿ.

ಪ್ರತಿ ಸಂದೇಶಕ್ಕೂ ಪೆಟ್ಟಿಗೆ ಬೀಗ ಹಾಕುತ್ತದೆ; ಆ ಬೀಗ ಹಾಕಿ ತೆಗೆಯುವ ಗುಪ್ತ ಸಂಕೇತವೇ ಕೀಲಿ. ನಡುವೆ ಸಿಗುವ ಬೋಟುಗಳು ಅದನ್ನು ಇಟ್ಟುಕೊಂಡು ಮುಂದೆ ದಾಟಿಸುತ್ತವೆ, ಓದಲಾರವು. ಮೀನು ಎಲ್ಲಿ ಸಿಕ್ಕಿತು ಅಂತ ಎಲ್ಲರಿಗೂ ಗೊತ್ತಾಗಬಾರದು, ಅಲ್ವಾ? ಆದರೆ ಕೀಲಿ ಮುಗಿದರೆ ಹೊಸದಕ್ಕೆ ಪೆಟ್ಟಿಗೆ ಬಂದರನ್ನೇ ಕೇಳಬೇಕಿತ್ತು. ಸಿಗ್ನಲ್ ಇಲ್ಲದ ಕಡಲಲ್ಲಿ ಉತ್ತರ ಕೊಡುವವರು ಯಾರು? ಮಂಗಳ ಗ್ರಹದ ನೌಕೆಗಳಿಗೂ ಇಂಥದ್ದೇ ತೊಡಕು. ಅಲ್ಲಿಗೆ ಸಂದೇಶ ಮುಟ್ಟಲು 3ರಿಂದ 22 ನಿಮಿಷ ಬೇಕು. ಅಂಥ ಜಾಲಗಳಿಗೆಂದೇ, ಸಂದೇಶವನ್ನು ಇಟ್ಟುಕೊಂಡು ಮುಂದೆ ದಾಟಿಸುವ ಕ್ರಮವಾದ ಬಂಡಲ್ ಪ್ರೋಟೋಕಾಲ್‌ನ 7ನೇ ಆವೃತ್ತಿ ಮತ್ತು ಅದರ ಭದ್ರತಾ ನಿಯಮಗಳು 2022ರಲ್ಲಿ ಬಂದವು. ನಮ್ಮ ಪೆಟ್ಟಿಗೆಯೂ ಅವುಗಳ ಪ್ರಕಾರವೇ ನಡೆಯುತ್ತದೆ. ಕೀಲಿ ಹೇಗೆ ಹಂಚಬೇಕು ಅನ್ನುವುದನ್ನು ಮಾತ್ರ ಆ ನಿಯಮಗಳು ಬಳಸುವವರಿಗೇ ಬಿಟ್ಟಿವೆ. ನಾವು ಎಡವಿದ್ದು ಅಲ್ಲೇ.

ಇನ್ನು ಕೀಲಿಯನ್ನೂ ಬುತ್ತಿಯ ಹಾಗೆ ಕಟ್ಟಿಕೊಂಡೇ ಹೋಗುತ್ತೀರಿ. ಐಸ್, ಡೀಸೆಲ್ ತುಂಬಿಸುವಾಗ ಪೆಟ್ಟಿಗೆ ಆನ್ ಇರಲಿ, 3 ಕೀಲಿ ಒಳಗೆ ಸೇರುತ್ತವೆ. ಒಂದೊಂದಕ್ಕೆ 7 ದಿನ. ಒಂದು ಮುಗಿದರೆ ಮುಂದಿನದು ತಾನೇ ಶುರುವಾಗುತ್ತದೆ. ತಡವಾಗಿ ಬಂದ ಸಂದೇಶ ಹಾಳಾಗದಿರಲಿ ಅಂತ ಹಳೆಯದನ್ನು ಇನ್ನೂ 10 ದಿನ ಇಡುತ್ತೇವೆ, ಬೀಗ ತೆಗೆಯಲಿಕ್ಕೆ ಮಾತ್ರ. ದಿನ ಎಣಿಸುವುದು ಜಿಪಿಎಸ್ ಸಮಯ ನೋಡಿ. ಹಾಗಾಗಿ ಆಂಟೆನಾ ಮೇಲೆ ತಾಡಪಾಲು ಹೊದೆಸಬೇಡಿ.

ವರ್ಷದ ಕೀಲಿ ಒಟ್ಟಿಗೇ ಕೊಡಿ ಅಂತ ಕೆಲವರು ಕೇಳಿದ್ದೀರಿ. ಪೆಟ್ಟಿಗೆ ಕಳುವಾದರೆ ಏನು ಗತಿ? ಅದರ ಕೀಲಿ ರದ್ದಾದ ಸುದ್ದಿ ಕಡಲಲ್ಲಿರುವ ಬೋಟುಗಳಿಗೆ ಕೂಡಲೇ ಮುಟ್ಟುವುದಿಲ್ಲ. ಅಲ್ಲಿಯವರೆಗೆ ಕದ್ದವನು ನಿಮ್ಮ ಹೆಸರಲ್ಲೇ ಸಂದೇಶ ಕಳಿಸಬಹುದು. 3 ಕೀಲಿ ಮುಗಿದ ಮೇಲೆ ಅವನ ಕೈಯಲ್ಲಿರುವುದು ಸುಮ್ನೆ ಒಂದು ಡಬ್ಬ. ಕಳುವಾದರೆ ನಡುರಾತ್ರಿಯಾದರೂ ಫೋನ್ ಮಾಡಿ.

ಇನ್ನೊಂದು ಬದಲಾವಣೆಯೂ ಇದೆ. ಕೆಂಪು ಗುಂಡಿಯ ಅಪಾಯದ ಸಂದೇಶ ಇನ್ನು ಯಾವ ಕೀಲಿಗೂ ಕಾಯುವುದಿಲ್ಲ. ಕೀಲಿ ಇಲ್ಲದಿದ್ದರೆ ಬೀಗವಿಲ್ಲದೇ ಹೋಗುತ್ತದೆ, ಹತ್ತಿರದ ಬೋಟಿನವರೂ ಅದನ್ನು ಓದಬಹುದು.

ಇಂತಿ ನಿಮ್ಮ,
ಪೆಟ್ಟಿಗೆ ಅಂಗಡಿಯವರು, ಕಾರವಾರ