ಬ್ರೈಲ್ ಯಂತ್ರಗಳ ರಿಪೇರಿ ನಿಧಿಗೆ ನೆರವಾಗಿ

ಮಾನ್ಯ ದಾನಿಗಳಲ್ಲಿ ವಿನಂತಿ.

ನಮ್ಮ ಅಂಧ ಮಕ್ಕಳ ಶಾಲೆಗೆ ಹೊಸ ಯಂತ್ರ ಕೊಡಿಸಿದವರಿಗೆಲ್ಲ ನಾವು ಋಣಿ. ಈ ಬಾರಿ ಕೈಯೊಡ್ಡುತ್ತಿರುವುದು ಇರುವ ಯಂತ್ರಗಳ ರಿಪೇರಿಗಾಗಿ.

ಬ್ರೈಲ್ ಎಂದರೆ ಬೆರಳಾಡಿಸಿ ಓದುವ ಉಬ್ಬು ಚುಕ್ಕಿಗಳ ಲಿಪಿ; ಒಂದು ಅಕ್ಷರದ ಚುಕ್ಕಿಗಳು ಕೂರುವ ಜಾಗವೇ ಸೆಲ್, ಅದರ ಪ್ರತಿ ಚುಕ್ಕಿಗೂ ಒಂದು ಸಂಖ್ಯೆ. ಇದರಲ್ಲಿ ‘ಕ’ ಎಂದರೆ 1 ಮತ್ತು 3ನೇ ಚುಕ್ಕಿ. ‘ಅ’ ಎಂದರೆ 1 ಮಾತ್ರ. ಪಿನ್ನುಗಳನ್ನು ಎತ್ತಿ ಇಳಿಸಿ ಚುಕ್ಕಿ ಮೂಡಿಸುವ ವಿದ್ಯುತ್ ಯಂತ್ರ ಬ್ರೈಲ್ ಡಿಸ್‌ಪ್ಲೇ. ಅದರ ಮೊದಲ ಸೆಲ್‌ನಲ್ಲಿ 3ನೇ ಚುಕ್ಕಿ ಏಳದಿದ್ದರೆ ‘ಕಮಲ’ ಎಂಬುದು ಮಗುವಿನ ಬೆರಳಿಗೆ ‘ಅಮಲ’. 2ನೇ ಚುಕ್ಕಿ ಏಳದೆ ಕೂತರೆ ಲೆಕ್ಕದ 2 ಹೋಗಿ 1 ಆಗುತ್ತದೆ. ಆಗಷ್ಟೇ ಓದಲು ಕಲಿಯುತ್ತಿರುವ ಮಗು ತಪ್ಪು ತನ್ನದೇ ಎಂದುಕೊಳ್ಳುತ್ತದೆ. ಮೊಬೈಲೇ ಓದಿ ಹೇಳುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಶ, ಷ ಎರಡೂ ಕಿವಿಗೆ ಹೆಚ್ಚುಕಡಿಮೆ ಒಂದೇ; ಕಾಗುಣಿತ ಕೂರುವುದು ಬೆರಳಿನಿಂದ.

ಡಿಸ್‌ಪ್ಲೇ ಇಷ್ಟು ದುಬಾರಿ ಏಕೆ? ಸಾಮಾನ್ಯ ಡಿಸ್‌ಪ್ಲೇಯ ಒಂದು ಸೆಲ್‌ಗೆ 8 ಚುಕ್ಕಿ (ಅಕ್ಷರಕ್ಕೆ ಆರು, ಕರ್ಸರ್‌ನಂಥ ಕಂಪ್ಯೂಟರ್ ಗುರುತುಗಳಿಗೆ ಎರಡು), ಪ್ರತಿ ಚುಕ್ಕಿಯ ಕೆಳಗೂ ಒಂದು ಪೀಜೋ ಪಟ್ಟಿ. ಸುಮಾರು 200 ವೋಲ್ಟ್ ಕೊಟ್ಟಾಗ ಅದು ಬಾಗಿ ಪಿನ್ನನ್ನು ಎತ್ತುತ್ತದೆ. 40 ಸೆಲ್ ಎಂದರೆ 320 ಪಟ್ಟಿ, ಕೊಳ್ಳುವವರೋ ಕಡಿಮೆ. ಹೀಗಾಗಿ ಆಮದು ಯಂತ್ರದ ಬೆಲೆ ಲಕ್ಷಗಳಲ್ಲಿದೆ. ಬೆರಳಿನ ಬೆವರು, ಎಣ್ಣೆ, ಧೂಳು ಸೇರಿ ಪಿನ್ನಿನ ತೂತಿನಲ್ಲಿ ಅಂಟಾಗುತ್ತವೆ. ಅಷ್ಟೇ ಆಗಿದ್ದರೆ ತಂತ್ರಜ್ಞರು ಮೇಲಿನ ಮುಚ್ಚಳ ಬಿಚ್ಚಿ ಶುಚಿ ಮಾಡಿದರೆ ಸಾಕು. ಪಟ್ಟಿಯೇ ಬಿರುಕು ಬಿಟ್ಟಿದ್ದರೆ ಇಡೀ ಸೆಲ್ ಬದಲಿಸಬೇಕು, ಖರ್ಚು ಏರುವುದು ಅಲ್ಲಿ.

ಹಾಳೆಯ ಮೇಲೆ ಬ್ರೈಲ್ ಹೊಡೆಯುವ ಟೈಪ್‌ರೈಟರ್, 1951ರಲ್ಲಿ ಬಂದ ಪರ್ಕಿನ್ಸ್ ಬ್ರೈಲರ್, ಗಟ್ಟಿ ಜೀವ. ಕರೆಂಟ್ ಬೇಡ, ಚುಕ್ಕಿಗೊಂದರಂತೆ ಆರು ಕೀಲಿ, ಸಾಲಿಗೆ 42 ಸೆಲ್. ನಮ್ಮ ಪಕ್ಕದ ತಮಿಳುನಾಡಿನ ಕಾಟ್ಪಾಡಿಯಲ್ಲೇ ಇದನ್ನು ತಯಾರಿಸುತ್ತಾರೆ. ಆದರೂ ಹಳೆಯ ಎಣ್ಣೆ ಜಿಗುಟಾದರೆ, ಹಾಳೆಯ ಧೂಳು ತುಂಬಿದರೆ ಚುಕ್ಕಿ ಮಸುಕಾಗುತ್ತದೆ. ಆರೂ ಕೀಲಿ ಒಟ್ಟಿಗೆ ಒತ್ತಿ ಒಂದು ಸಾಲು ಪೂರ್ತಿ ಹೊಡೆದು, ಬೆರಳಾಡಿಸಿ: ಸೋತ ಚುಕ್ಕಿ ಯಾವುದೆಂದು ತಕ್ಷಣ ಸಿಗುತ್ತದೆ. ದಯವಿಟ್ಟು ಅಡುಗೆ ಎಣ್ಣೆ, ತೆಂಗಿನೆಣ್ಣೆ ಬಿಡಬೇಡಿ.

ಹಾಳೆಯೂ ಬೇಕು, 140 ಜಿಎಸ್‌ಎಂ (ಚದರ ಮೀಟರಿಗೆ 140 ಗ್ರಾಂ) ದಪ್ಪದ್ದಾದರೆ ಒಳ್ಳೆಯದು. ತೆಳು ಹಾಳೆ ಹರಿಯುತ್ತದೆ. ಮಳೆಗಾಲದಲ್ಲಿ ತೇವ ಹೀರಿದ್ದರ ಮೇಲೆ ಚುಕ್ಕಿ ನಿಲ್ಲುವುದಿಲ್ಲ. ಹಾಗಾಗಿ ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಬಂಡಲ್‌ಗಳನ್ನೇ ಕೊಡಿ.

ಹಿರಿಯರ ನೆನಪಿನಲ್ಲೋ ಮಕ್ಕಳ ಹುಟ್ಟುಹಬ್ಬಕ್ಕೋ ಒಂದು ಯಂತ್ರದ ವರ್ಷದ ಸರ್ವಿಸ್ ವಹಿಸಿಕೊಳ್ಳಬಹುದು. ಹಣ ಕಳಿಸುವಾಗ ‘ಸೆಲ್’, ‘ಬ್ರೈಲರ್ ಸರ್ವಿಸ್’, ‘ಹಾಳೆ’ ಇವುಗಳಲ್ಲಿ ಯಾವ ಬಾಬ್ತಿಗೆಂದು ಬರೆಯಿರಿ; ರಿಪೇರಿ ಬಿಲ್ಲಿನ ಪ್ರತಿ ನಿಮಗೆ ಬರುತ್ತದೆ. 2,000 ರೂಪಾಯಿ ಮೀರಿದ ನಗದಿಗೆ ತೆರಿಗೆ ವಿನಾಯಿತಿ ಇಲ್ಲ, ಆದ್ದರಿಂದ ದೊಡ್ಡ ಮೊತ್ತವನ್ನು ಚೆಕ್ ಅಥವಾ ಯುಪಿಐ ಮೂಲಕವೇ ಕಳಿಸಿ.