ಅಜ್ಜ-ಅಜ್ಜಿಯರಿಗೆ ಆ್ಯಪ್ ಬಂತು, ನೋಡಿಕೊಳ್ಳುವವರಿಗೆ ಏನು ಬಂತು?

ಮಾನ್ಯ ಸಂಪಾದಕರೇ,

ಹಿರಿಯರ ಆರೈಕೆಗೆಂದೇ ಈಗ ಸಾಕಷ್ಟು ಸ್ಟಾರ್ಟಪ್‌ಗಳು ಹುಟ್ಟಿಕೊಂಡಿವೆ. ನಮ್ಮ ಬೆಂಗಳೂರಿನದೇ ಆದ ಡೋಝೀ, ಹಾಸಿಗೆ ಕೆಳಗೆ ಹಾಕುವ ಒಂದು ಶೀಟಿನಿಂದ ಎದೆಬಡಿತ, ಉಸಿರಾಟ ಎರಡನ್ನೂ ಅಳೆಯುತ್ತದೆ, ಮೈಗೆ ಏನೂ ಅಂಟಿಸಬೇಕಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ 'ಸೇಜ್' ಅನ್ನುವ ಯೋಜನೆ ಶುರು ಮಾಡಿ, ಇಂಥ ಕಂಪನಿಗಳಿಗೆ 1 ಕೋಟಿ ರೂಪಾಯಿವರೆಗೆ ಬಂಡವಾಳ ಹಾಕುತ್ತೇನೆ ಎಂದಿತು. ಇದೆಲ್ಲ ಬೇಕು, ಸಂತೋಷವೇ. ಆದರೆ ಮನೆಯಲ್ಲಿ ಹಗಲು ರಾತ್ರಿ ಪಕ್ಕದಲ್ಲಿ ಕೂರುವ ಅಟೆಂಡರ್ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿಲ್ಲ.

ನಮ್ಮ ತಂದೆಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಆ್ಯಪ್ ಮೂಲಕ ಒಂದು ಕಂಪನಿಯಿಂದ ಅಟೆಂಡರ್ ತೆಗೆದುಕೊಂಡೆವು. ಮಾತ್ರೆ ಕೊಟ್ಟರು, ಊಟ ಆಯಿತು, ಬಿಪಿ ಇಷ್ಟು ಅಂತ ಫೋನಿಗೆ ಎಲ್ಲ ಬರುತ್ತಿತ್ತು. ಜನ ಮಾತ್ರ ನಿಲ್ಲುತ್ತಿರಲಿಲ್ಲ. ಅಪ್ಪ ಒಬ್ಬರ ಮುಖಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಬಂದು ನಿಲ್ಲುತ್ತಿದ್ದರು, ಅಪರಿಚಿತರು ಬಟ್ಟೆ ಬಿಚ್ಚಿ ಸ್ನಾನಕ್ಕೆ ಕರೆದರೆ ಯಾರಿಗೆ ತಾನೇ ಹೆದರಿಕೆ ಆಗಲ್ಲ, ಅಪ್ಪ ಕಿರುಚಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೊದಲು ಕಾಫಿ ಕೊಟ್ಟು ಆಮೇಲೆ ಸ್ನಾನದ ಮಾತು ಎತ್ತಬೇಕು, ಸಂಜೆಯಾದರೆ 'ಊರಿಗೆ ಹೋಗಬೇಕು' ಅಂತ ಎದ್ದು ನಿಲ್ಲುತ್ತಾರೆ, ಆಗ ಬೇಡ ಅನ್ನದೆ ಅಂಗಳದಲ್ಲಿ ಎರಡು ಸುತ್ತು ನಡೆಸಿದರೆ ಸಾಕು. ಹೋದವರಿಗೆ ಗೊತ್ತಿದ್ದ ಇಂಥ ಒಂದು ವಿಷಯವೂ ಹೊಸಬರಿಗೆ ತಲುಪುತ್ತಿರಲಿಲ್ಲ. ಅದನ್ನು ಬರೆಯಲು ಆ ಆ್ಯಪಿನಲ್ಲಿ ಜಾಗವೇ ಇರಲಿಲ್ಲ.

ಯಾಕೆ ಬಿಟ್ಟು ಹೋಗುತ್ತೀರಿ ಅಂತ ಒಬ್ಬರನ್ನು ಕೇಳಿದೆ. 12 ಗಂಟೆಯ ಪಾಳಿ, ರಜೆ ತೆಗೆದುಕೊಂಡರೆ ಸಂಬಳ ಇಲ್ಲ, ನೀವು ಕೊಡುವುದರಲ್ಲಿ ದೊಡ್ಡ ಪಾಲು ಕಂಪನಿಗೇ ಹೋಗುತ್ತದೆ ಅಂದರು. ಹಾಗಿದ್ದರೆ ಯಾರು ನಿಲ್ಲುತ್ತಾರೆ?

ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರ ಅಧ್ಯಯನವೊಂದು ಅಂದಾಜು ಮಾಡಿದೆ. ಇವರಿಗೆ ಬೇಕಿರುವುದು ಪರಿಚಯದ ಮುಖ. ಊಟ ತಲುಪಿಸುವ ಆ್ಯಪಿನ ಹಾಗೆ ಹತ್ತಿರ ಯಾರು ಖಾಲಿ ಇದ್ದಾರೆ ಅಂತ ಹುಡುಕುವ ಬದಲು, ಈ ಹಿರಿಯರಿಗೆ ಯಾರ ಪರಿಚಯ ಇದೆ ಅಂತ ಮೊದಲು ನೋಡಲು ಸಾಫ್ಟ್‌ವೇರ್‌ಗೆ ಕಷ್ಟ ಏನಿದೆ? ಒಂದು ಮನೆಗೆ ಇಬ್ಬರನ್ನೇ ಗೊತ್ತು ಮಾಡಿ, ಪಾಳಿ ಬದಲಾಗುವಾಗ ಎರಡು ನಿಮಿಷ ಕನ್ನಡದಲ್ಲೇ ಮಾತನಾಡಿ ರೆಕಾರ್ಡ್ ಮಾಡಿಟ್ಟು ಹೋಗುವ ವ್ಯವಸ್ಥೆ ಮಾಡಲಿ. ಟೈಪ್ ಮಾಡಲು ಬಾರದವರಿಗೂ ಅದು ಸುಲಭ, ಅಲ್ವಾ?

ಇನ್ನೊಂದು ಮಾತು. ಗಿಗ್ ಕಾರ್ಮಿಕರಿಗಾಗಿ, ಅಂದರೆ ಆ್ಯಪ್ ಮೂಲಕ ಕೆಲಸ ಪಡೆಯುವವರಿಗಾಗಿ, ನಮ್ಮ ರಾಜ್ಯ 2025ರಲ್ಲಿ ಕಾನೂನು ಮಾಡಿದೆ. ಅದರ ಪಟ್ಟಿಯಲ್ಲಿ ಟ್ಯಾಕ್ಸಿ, ಫುಡ್ ಡೆಲಿವರಿ ಜೊತೆ ಆರೋಗ್ಯ ಸೇವೆಯೂ ಇದೆ. ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ಆದರೆ ಎಲ್ಲರ ಮಾತಿನಲ್ಲೂ ಬರುವುದು ಬೈಕಿನ ಹುಡುಗರು ಮಾತ್ರ, ಮನೆಯೊಳಗೆ ಕೆಲಸ ಮಾಡುವ ಈ ಹೆಣ್ಣುಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ. ಆ್ಯಪ್ ಮೂಲಕ ಬರುವ ಪ್ರತಿಯೊಬ್ಬ ಅಟೆಂಡರ್ ಹೆಸರೂ ಈ ಕಾನೂನಿನ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗುವಂತೆ ಕಾರ್ಮಿಕ ಇಲಾಖೆ ನೋಡಿಕೊಳ್ಳಲಿ. ಸರ್ಕಾರದ ಬಂಡವಾಳ ಬೇಕೆನ್ನುವ ಕಂಪನಿಗಳು ಅವರ ಸಂಬಳ, ರಜೆ, ತರಬೇತಿಯ ಲೆಕ್ಕವನ್ನು ಮೊದಲು ಮುಂದಿಡಲಿ.

– ಒಬ್ಬ ಓದುಗ, ಮೈಸೂರು