ಪ್ರಳಯದ ಲೆಕ್ಕ, ಹಗೇವಿನ ಅಳತೆ

ಸಂಪಾದಕೀಯ

ಊರಿನ ವಾಟ್ಸಾಪ್ ಗುಂಪುಗಳಿಗೆ ಪ್ರಳಯದ ತಾರೀಕು ವರ್ಷಕ್ಕೆ ಎರಡು ಸಲವಾದರೂ ಬರುತ್ತದೆ. ಒಮ್ಮೆ ಕ್ಷುದ್ರಗ್ರಹ, ಇನ್ನೊಮ್ಮೆ ಮೂರನೇ ಮಹಾಯುದ್ಧ, ಮತ್ತೊಮ್ಮೆ ಕೈವಾರದ ತಾತಯ್ಯನವರ ಕಾಲಜ್ಞಾನದ ಹೆಸರು ಹೇಳಿಕೊಂಡು ಯಾರೋ ಹೊಸೆದ ನಾಲ್ಕು ಸಾಲು. ಚಿಂತಾಮಣಿಯಿಂದ ಹೊರಟ ಸಂದೇಶ ಅರ್ಧ ಗಂಟೆಯಲ್ಲಿ ಊರು ಬಿಟ್ಟು ದೂರವಿರುವ ನಮಗೆ ಮುಟ್ಟಿ, ಇಲ್ಲಿಂದ ಶಿರಾಕ್ಕೆ ವಾಪಸು ಹೋಗಿರುತ್ತದೆ. ಇದನ್ನು ನಕ್ಕು ಅಳಿಸಿಬಿಡಬಹುದು. ಆದರೆ ಮನುಷ್ಯ ಕುಲವೇ ಅಳಿದೀತೇ ಎಂಬ ಇದೇ ಪ್ರಶ್ನೆಯನ್ನು ಲೆಕ್ಕ ಹಾಕಿ ಕೇಳುವವರೂ ಇದ್ದಾರೆ. ಅವರ ಅಂಕಿಗಳು ಪತ್ರಿಕೆಗೆ ಬರುವಾಗ ತಲೆಕೆಳಗಾಗುವುದರಿಂದ ಈ ಸಂಚಿಕೆಯ ಜಾಗವನ್ನು ಅದಕ್ಕೇ ಕೊಟ್ಟಿದ್ದೇವೆ.

ಬಹಳ ಜನ ಸಾಯುವುದು ಬೇರೆ, ಒಬ್ಬರೂ ಉಳಿಯದಿರುವುದು ಬೇರೆ. ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರ, ಅಂದರೆ 1876–78ರದು, ಕೋಲಾರ ತುಮಕೂರು ಸೀಮೆಯನ್ನು ಬಡಿದ ಬಗೆಯನ್ನು ಅಜ್ಜಿಯಂದಿರ ಬಾಯಲ್ಲಿ ಕೇಳಿದವರು ನಮ್ಮಲ್ಲಿದ್ದಾರೆ. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಊರಿಗೆ ಊರೇ ಹಾಳುಬಿದ್ದವು. ಆದರೂ 1891ರ ಹೊತ್ತಿಗೆ ಎಣಿಕೆ ಮತ್ತೆ 49 ಲಕ್ಷ ಮುಟ್ಟಿತ್ತು. ಮನುಷ್ಯ ಸಂತತಿ ಚೇತರಿಸಿಕೊಳ್ಳುವ ವೇಗ ಇಷ್ಟು. ಅಳಿವು ಎಂದರೆ ಈ ಚೇತರಿಕೆಗೂ ಆಸ್ಪದವಿಲ್ಲದ ಸ್ಥಿತಿ. ಹಾಗಾಗಬೇಕಾದರೆ ಎಲ್ಲ ಖಂಡ, ಎಲ್ಲ ದ್ವೀಪ, ಎಲ್ಲ ಬೆಟ್ಟಗುಡ್ಡ ಒಂದೇ ಕಾಲಕ್ಕೆ ಸೋಲಬೇಕು.

ಪ್ರಕೃತಿ ಇದನ್ನು ಮಾಡೀತೇ ಎಂಬುದಕ್ಕೆ ಉತ್ತರ ಸಮಾಧಾನಕರವಾಗಿಯೇ ಇದೆ. ನಮ್ಮ ಪ್ರಭೇದದ ಮನುಷ್ಯ ಸುಮಾರು 3 ಲಕ್ಷ ವರ್ಷದಿಂದ ಬದುಕಿದ್ದಾನೆ. ವರ್ಷಕ್ಕೆ ನೂರರಲ್ಲಿ ಒಂದು ಪಾಲು ಅಪಾಯವಿದ್ದಿದ್ದರೆ ಇಷ್ಟು ಕಾಲ ಉಳಿಯುವುದು ಸಾಧ್ಯವೇ ಇರಲಿಲ್ಲ. ಇದೇ ತರ್ಕದಿಂದ ಆಕ್ಸ್‌ಫರ್ಡ್‌ನ ಸಂಶೋಧಕರು 2019ರಲ್ಲಿ ಲೆಕ್ಕ ಹಾಕಿ, ಜ್ವಾಲಾಮುಖಿ, ಉಲ್ಕೆಯಂಥ ನೈಸರ್ಗಿಕ ಕಾರಣಗಳಿಂದ ಕುಲವೇ ಅಳಿಯುವ ಸಂಭವ ವರ್ಷಕ್ಕೆ 14,000ದಲ್ಲಿ ಒಂದಕ್ಕಿಂತ ಕಡಿಮೆ ಎಂದು ತೋರಿಸಿದರು. ಇದು ಮೇಲಿನ ಮಿತಿ ಮಾತ್ರ, ನಿಜವಾದ ಅಂಕಿ ಇನ್ನೂ ಬಹಳ ಸಣ್ಣದಿರಬೇಕು. ಇದಕ್ಕೆ ಸಾಕ್ಷಿ ನಮ್ಮ ಪಕ್ಕದಲ್ಲೇ ಸಿಕ್ಕಿದೆ. ಪಾವಗಡ ದಾಟಿ ಉತ್ತರಕ್ಕೆ ಹೋದರೆ ಆಂಧ್ರದ ಹಳೆಯ ಕರ್ನೂಲು ಜಿಲ್ಲೆಯಲ್ಲಿ ಜ್ವಾಲಾಪುರವೆಂಬ ಊರಿದೆ. ಸುಮಾರು 74,000 ವರ್ಷದ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿದಾಗ ಹಾರಿದ ಬೂದಿ ಅಲ್ಲಿ ದಪ್ಪ ಪದರವಾಗಿ ಕೂತಿದೆ. ಬೂದಿಯ ಕೆಳಗೂ ಕಲ್ಲಿನ ಆಯುಧಗಳಿವೆ, ಮೇಲೂ ಇವೆ. ಆ ಕಾಲದ ಜನ ಅದನ್ನು ದಾಟಿಕೊಂಡರು.

ಕ್ಷುದ್ರಗ್ರಹದ ಹೆದರಿಕೆಯಂತೂ ಈ ಕಾಲದಲ್ಲಿ ಇನ್ನೂ ಕಡಿಮೆ. ಒಂದು ಕಿಲೋಮೀಟರಿಗಿಂತ ದೊಡ್ಡವನ್ನು ಬಹುಪಾಲು ಹುಡುಕಿ ದಾರಿ ಗುರುತು ಹಾಕಿಟ್ಟಾಗಿದೆ. 2022ರ ಸೆಪ್ಟೆಂಬರಿನಲ್ಲಿ ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕಲ್ಲಿಗೆ ಗುದ್ದಿ, ಅದು ತನ್ನ ಜೊತೆಗಿನ ದೊಡ್ಡ ಕಲ್ಲನ್ನು ಸುತ್ತುವ ಅವಧಿಯನ್ನು ಅರ್ಧ ಗಂಟೆಗೂ ಹೆಚ್ಚು ತಗ್ಗಿಸಿತು. 2025ರ ಫೆಬ್ರವರಿಯಲ್ಲಿ '2024 ವೈಆರ್4' ಭೂಮಿಗೆ ಬಡಿಯುವ ಸಾಧ್ಯತೆ ಶೇ. 3 ದಾಟಿದೆ ಎಂದು ಟಿವಿಯವರು ಎಬ್ಬಿಸಿದ ಗಲಾಟೆ ನೆನಪಿರಬಹುದು. ಕೆಲವೇ ದಿನಗಳಲ್ಲಿ, ಹೆಚ್ಚು ಅಳತೆಗಳು ಸಿಕ್ಕ ಮೇಲೆ, ಆ ಸಾಧ್ಯತೆ ಇಲ್ಲವೆನ್ನುವಷ್ಟಕ್ಕೆ ಇಳಿಯಿತು. ಕಕ್ಷೆಯ ಲೆಕ್ಕ ನಡೆಯುವುದೇ ಹೀಗೆ: ಮೊದಲು ಕಲ್ಲು ಹಾದುಹೋಗಬಹುದಾದ ಜಾಗದ ಅಂದಾಜಿನ ಪಟ್ಟಿ ಅಗಲವಿರುತ್ತದೆ, ಅದು ಕಿರಿದಾಗುತ್ತಾ ಹೋಗುವಾಗ ಭೂಮಿ ಇನ್ನೂ ಪಟ್ಟಿಯೊಳಗೇ ಇದ್ದರೆ ಶೇಕಡಾವಾರು ಏರುತ್ತದೆ, ಭೂಮಿ ಹೊರಗೆ ಬಿದ್ದೊಡನೆ ಸೊನ್ನೆಯ ಕಡೆ ಕುಸಿಯುತ್ತದೆ. ಆ ಏರಿಕೆ ನೋಡಿ ಗಾಬರಿಯಾಗುವಂಥದ್ದೇನೂ ಇಲ್ಲ.

ಮನುಷ್ಯ ತಾನೇ ಮಾಡಿಕೊಳ್ಳುವ ಅಪಾಯದ ಮಾತು ಬೇರೆ. ಅಲ್ಲಿ 3 ಲಕ್ಷ ವರ್ಷದ ದಾಖಲೆ ಇಲ್ಲ, ಅಣುಬಾಂಬಿಗೇ ಇನ್ನೂ ನೂರು ವರ್ಷ ತುಂಬಿಲ್ಲ. ಆಕ್ಸ್‌ಫರ್ಡ್‌ನ ತತ್ತ್ವಶಾಸ್ತ್ರಜ್ಞ ಟೋಬಿ ಆರ್ಡ್ 2020ರಲ್ಲಿ ಮುಂದಿನ ನೂರು ವರ್ಷಕ್ಕೆ ಕೊಟ್ಟ ಅಂದಾಜು ಆರರಲ್ಲಿ ಒಂದು. ಆದರೆ ಅವರ ಅಂಕಿಯಲ್ಲಿ ಅಳಿವಿನ ಜೊತೆಗೆ ನಾಗರಿಕತೆ ಮತ್ತೆ ಏಳಲಾರದಂತೆ ಬೀಳುವುದೂ ಸೇರಿದೆ. ಪತ್ರಿಕೆಗಳು ಬಿಟ್ಟುಬಿಡುವುದು ಇದನ್ನೇ. 2022ರಲ್ಲಿ ನಡೆದು ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಆಯಾ ವಿಷಯದ ಪರಿಣತರು 2100ರೊಳಗೆ ಅಳಿವಿನ ಸಂಭವ ಶೇ. 6 ಎಂದರೆ, ಭವಿಷ್ಯ ಊಹಿಸುವುದರಲ್ಲಿ ಪಳಗಿ ದಾಖಲೆ ಇರುವವರು ಶೇ. 1 ಎಂದರು. ತಿಂಗಳುಗಟ್ಟಲೆ ವಾದ ಮಾಡಿಯೂ ಎರಡು ಗುಂಪುಗಳು ಹತ್ತಿರ ಬರಲಿಲ್ಲ. ನಮ್ಮ ಅಭಿಪ್ರಾಯ ಕಡಿಮೆಯ ಕಡೆಗೇ ವಾಲುತ್ತದೆ. ಹಾಗಂತ ಶೇ. 1 ಸಣ್ಣದೇನಲ್ಲ, ಅಷ್ಟು ಅಪಾಯವಿರುವ ಬಸ್ಸಿಗೆ ಯಾರೂ ಮಕ್ಕಳನ್ನು ಹತ್ತಿಸುವುದಿಲ್ಲ. ಇನ್ನು ಪ್ರಳಯದ ಗಡಿಯಾರ ಎನ್ನುವುದುಂಟಲ್ಲ, ನಡುರಾತ್ರಿಯನ್ನೇ ಪ್ರಳಯವೆಂದು ಇಟ್ಟುಕೊಂಡು ಅದಕ್ಕೆ ಎಷ್ಟು ಹೊತ್ತು ಉಳಿದಿದೆ ಎಂದು ಅಣುವಿಜ್ಞಾನಿಗಳ ಪತ್ರಿಕೆಯೊಂದು ತೋರಿಸುವುದು, 1947ರಲ್ಲಿ 7 ನಿಮಿಷಕ್ಕೆ ಇಟ್ಟು, 1991ರಲ್ಲಿ 17 ನಿಮಿಷಕ್ಕೆ ಹಿಂದೆ ಸರಿಸಿ, 2025ರಲ್ಲಿ 89 ಸೆಕೆಂಡಿಗೆ ತಂದದ್ದು, ಅದು ಎಚ್ಚರಿಕೆಯ ಚಿತ್ರ ಮಾತ್ರ. ಅದರಿಂದ ಯಾವ ಸಂಭವನೀಯತೆಯನ್ನೂ ಹಿಂಡಿ ತೆಗೆಯಲು ಬರುವುದಿಲ್ಲ.

ರೋಗ ಮತ್ತು ಯಂತ್ರಬುದ್ಧಿಯ ಬಗ್ಗೆ ಚಿಕ್ಕದಾಗಿ. ತಾನಾಗಿ ಹುಟ್ಟಿದ ರೋಗ ಎಲ್ಲರನ್ನೂ ಕೊಂದ ಉದಾಹರಣೆ ಮನುಷ್ಯ ಕುಲದಲ್ಲಿಲ್ಲ. ಪ್ರಯೋಗಾಲಯದಲ್ಲಿ ಕಟ್ಟಿದ್ದಕ್ಕೆ ಆ ಭರವಸೆ ಕೊಡಲಾಗದು. ಕನ್ನಡಿ ಬಿಂಬದಂತೆ ಅಣುಗಳು ತಿರುಗುಮುರುಗಾದ ಬ್ಯಾಕ್ಟೀರಿಯಾವನ್ನು ಸೃಷ್ಟಿಸಬೇಡಿ, ಪ್ರಾಣಿಗಳ ರೋಗನಿರೋಧಕ ಶಕ್ತಿ ಅದನ್ನು ಗುರುತಿಸಲಾರದು ಎಂದು 38 ವಿಜ್ಞಾನಿಗಳು 2024ರ ಡಿಸೆಂಬರಿನಲ್ಲಿ ಎಚ್ಚರಿಸಿದ್ದು ಈ ಕಾರಣಕ್ಕೆ. ಕೃತಕ ಬುದ್ಧಿಮತ್ತೆಯ ಅಪಾಯವನ್ನು ಅಣುಯುದ್ಧದ ಸಾಲಿಗೇ ಸೇರಿಸಬೇಕೆಂದು 2023ರ ಮೇ ತಿಂಗಳಲ್ಲಿ ಸಹಿ ಹಾಕಿದವರಲ್ಲಿ ಆ ಯಂತ್ರಗಳನ್ನು ಕಟ್ಟುವ ಕಂಪನಿಗಳ ಮುಖ್ಯಸ್ಥರೂ ಇದ್ದರು. ನಮ್ಮ ಸಂಘದ ಸದಸ್ಯರಲ್ಲಿ ಅರ್ಧಕ್ಕರ್ಧ ಅದೇ ಕಸುಬಿನವರು, ಅವರಿಗೆ ಪಾಠ ಹೇಳುವ ಗೋಜಿಗೆ ಹೋಗುವುದಿಲ್ಲ.

ಅಣುಯುದ್ಧದ ಲೆಕ್ಕ ಮಾತ್ರ ನಮ್ಮ ಊರಿನ ಹೊಲದ ತನಕ ಬರುತ್ತದೆ. ಬಾಂಬಿನ ಬೆಂಕಿಗಿಂತ ದೊಡ್ಡ ಕೊಲೆಗಾರ ಅದರ ಮಸಿ. ಉರಿಯುವ ನಗರಗಳ ಮಸಿ ಮೋಡದ ಪದರ ದಾಟಿ ಮೇಲೇರಿಬಿಟ್ಟರೆ ಅದನ್ನು ತೊಳೆದು ಇಳಿಸಲು ಅಲ್ಲಿ ಮಳೆಯೇ ಇಲ್ಲ, ವರ್ಷಗಟ್ಟಲೆ ಬಿಸಿಲಿಗೆ ಅಡ್ಡ ನಿಲ್ಲುತ್ತದೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಅಮೆರಿಕ ಮತ್ತು ರಷ್ಯಾ ಕಾದಾಡಿ 15 ಕೋಟಿ ಟನ್ ಮಸಿ ಏರಿದರೆ ಹಸಿವಿನಿಂದಲೇ 500 ಕೋಟಿಗೂ ಹೆಚ್ಚು ಜನ ಸಾಯಬಹುದು. ಭಾರತ ಮತ್ತು ಪಾಕಿಸ್ತಾನದ ನಡುವಿನ ಯುದ್ಧಕ್ಕೇ 200 ಕೋಟಿ ದಾಟಬಹುದು. ಆ ಅಧ್ಯಯನದಲ್ಲೂ ಎಲ್ಲರೂ ಸಾಯುವುದಿಲ್ಲ, ಆಸ್ಟ್ರೇಲಿಯಾದಂಥ ಕಡೆ ಬೆಳೆ ಅಷ್ಟಿಷ್ಟು ಉಳಿಯುತ್ತದೆ. ನಮ್ಮ ಕಡೆ ಮುಂಗಾರು ಸೊರಗುತ್ತದೆ. ರಾಗಿ ಬೆಚ್ಚನೆಯ ಹವೆ ಬೇಡುವ ಬೆಳೆ, ಸರಾಸರಿ ಉಷ್ಣತೆ 20 ಡಿಗ್ರಿಯಿಂದ ಕೆಳಗಿಳಿದರೆ ತೆನೆ ಕಟ್ಟುವುದು ತಡವಾಗುತ್ತದೆ, ಕಾಳು ಜೊಳ್ಳಾಗುತ್ತದೆ. ಅಂದರೆ ಮೊದಲ ಎರಡು ಮೂರು ವರ್ಷ ಹೊಲ ನಂಬುವಂತಿಲ್ಲ, ಕೂಡಿಟ್ಟಿದ್ದನ್ನೇ ತಿನ್ನಬೇಕು.

ಕೆಜಿಎಫ್ ಗಣಿಯೊಳಗೆ ಅಡಗಿಕೊಳ್ಳಬಹುದಲ್ಲ ಎಂದು ತಮಾಷೆ ಮಾಡುವವರಿಗೆ: ಆ ಗಣಿ 3 ಕಿಲೋಮೀಟರಿಗೂ ಆಳ, ತಳದ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು, ತಂಪುಗಾಳಿ ಒತ್ತಿ ಕಳಿಸದೆ ಕೆಲಸವೇ ಸಾಗುತ್ತಿರಲಿಲ್ಲ. 2001ರ ಫೆಬ್ರವರಿಯಲ್ಲಿ ಮುಚ್ಚಿದ ಮೇಲೆ ನೀರೆತ್ತುವುದೂ ನಿಂತು ಒಳಗೆ ನೀರು ತುಂಬಿದೆ. ವಿನೋದವೆಂದರೆ, 1965ರಲ್ಲಿ ವಾತಾವರಣದ ನ್ಯೂಟ್ರಿನೊ ಕಣಗಳನ್ನು ಹಿಡಿದ ಅದೇ ಗಣಿಯಲ್ಲಿ 1980ರ ದಶಕದಲ್ಲಿ ವಿಜ್ಞಾನಿಗಳು, ಎಲ್ಲ ದ್ರವ್ಯದೊಳಗೂ ಇರುವ ಪ್ರೋಟಾನ್ ಎಂಬ ಕಣ ಎಂದಾದರೂ ಸಾಯುತ್ತದೆಯೇ ಎಂದು ಕಾದು ಕೂತಿದ್ದರು. ಇಡೀ ದ್ರವ್ಯದ ಅಳಿವನ್ನು ಹುಡುಕಿದ ಊರು ನಮ್ಮದು. ಜಗತ್ತಿನ ಯಾವ ಪ್ರಯೋಗದಲ್ಲೂ ಅದು ಇನ್ನೂ ಸಾಬೀತಾಗಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳು ಮೊದಲು ಸೋಲುವುದು ನೀರಿನಲ್ಲಿ. ವರ್ಷವಿಡೀ ಹರಿಯುವ ಹೊಳೆ ಕೋಲಾರಕ್ಕೂ ಇಲ್ಲ, ಚಿಕ್ಕಬಳ್ಳಾಪುರಕ್ಕೂ ಇಲ್ಲ. ಬೋರ್‌ವೆಲ್ 1,200 ಅಡಿ ದಾಟಿದೆ. 1,000 ಲೀಟರ್ ನೀರನ್ನು ಅಷ್ಟು ಆಳದಿಂದ ಎತ್ತಲು ಭೌತಶಾಸ್ತ್ರದ ಲೆಕ್ಕಕ್ಕೇ 1 ಯೂನಿಟ್ ಕರೆಂಟು ಬೇಕು, ಪಂಪು ಮತ್ತು ಪೈಪಿನ ನಷ್ಟ ಸೇರಿದರೆ 2 ಯೂನಿಟ್. ಗಟ್ಟಿಮುಟ್ಟಾದ ಆಳು ಇಡೀ ದಿನ ದುಡಿದರೆ ಹುಟ್ಟುವ ಶಕ್ತಿ ಹೆಚ್ಚೆಂದರೆ ಅರ್ಧ, ಮುಕ್ಕಾಲು ಯೂನಿಟ್. ಊರ ಮುಂದಿನ ಕೈಪಂಪು ಸುಮಾರು 50 ಮೀಟರ್ ಆಳದ ತನಕ ಮಾತ್ರ ಎಳೆಯುತ್ತದೆ. ಹಾಗಾಗಿ ಗ್ರಿಡ್, ಅಂದರೆ ಕರೆಂಟಿನ ಜಾಲ, ಬಿದ್ದ ದಿನ ಬೋರ್‌ವೆಲ್ ಇದ್ದೂ ಇಲ್ಲದಂತೆ. ಪಾವಗಡದ ಸೋಲಾರ್ ಪಾರ್ಕಿನ 2,050 ಮೆಗಾವಾಟ್ ಇದೆಯಲ್ಲ ಎಂದರೆ, ಅಲ್ಲಿನ ಇನ್ವರ್ಟರುಗಳು ಗ್ರಿಡ್ಡಿನ ತಾಳ ಹಿಡಿದು ಕೆಲಸ ಮಾಡುವಂಥವು. ಗ್ರಿಡ್ ಸತ್ತರೆ ಲೈನ್‌ಮನ್‌ಗಳ ಜೀವ ಉಳಿಸಲೆಂದು ಅವೂ ತಾವಾಗಿಯೇ ಆರುತ್ತವೆ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ತರುವ ಕೆ.ಸಿ. ವ್ಯಾಲಿ ಯೋಜನೆಯೂ ಪಂಪಿನ ಮೇಲೇ ನಿಂತಿದೆ, ಮೇಲಾಗಿ ಅದು ಕುಡಿಯುವ ನೀರಲ್ಲ. ಕೊನೆಗೆ ಲೆಕ್ಕಕ್ಕೆ ಬರುವುದು ಹೂಳು ತೆಗೆದ ಕೆರೆ, ಸೋರದ ತೂಬು, ಒಡೆಯದ ಕೋಡಿ, ಕೆರೆಯ ಕೆಳಗಿನ ತೆರೆದ ಬಾವಿ. ಊರಿಗೆ ದೇಣಿಗೆ ಕಳಿಸುವಾಗ ದೇವಸ್ಥಾನದ ಗೋಪುರಕ್ಕೆ ಮೊದಲು ತೂಬಿನ ಕಡೆ ಒಮ್ಮೆ ನೋಡಬಾರದೇ ಎಂದು ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಧಾನ್ಯದಲ್ಲಿ ಮಾತ್ರ ನಮ್ಮ ಕಡೆಗೆ ಗಟ್ಟಿ ವಿದ್ಯೆ ಇದೆ. ರಾಗಿಕಾಳು ಎಷ್ಟು ಸಣ್ಣದೆಂದರೆ ಅಕ್ಕಿ, ಜೋಳವನ್ನು ಕೊರೆಯುವ ಹುಳುವಿಗೆ ಅದರೊಳಗೆ ಮನೆ ಮಾಡಲು ಜಾಗವಿಲ್ಲ. ಒಬ್ಬರಿಗೆ ದಿನಕ್ಕೆ ಅರ್ಧ ಕಿಲೋ ರಾಗಿಯಿಂದ ಸುಮಾರು 1,600 ಕ್ಯಾಲೊರಿ, ಮಿಕ್ಕದ್ದಕ್ಕೆ ಹುರುಳಿ, ಅವರೆ. ಐದು ಜನರ ಮನೆಗೆ ವರ್ಷಕ್ಕೆ 9 ಕ್ವಿಂಟಲ್ ಬೇಕು. ಇದನ್ನು ಕೂಡಿಡುವುದು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿಯಲ್ಲಿ. ನಡುವೆ 5 ಅಡಿ ಅಗಲ, 7 ಅಡಿ ಆಳದ ಹಗೇವು, ಕತ್ತಿನ ಕಿರಿದಾದ ಭಾಗ ಕಳೆದು, 25 ಕ್ವಿಂಟಲ್ ಹಿಡಿಯುತ್ತದೆ. ಎರಡೂವರೆ ವರ್ಷ ದಾಟಿತು.

ತೋಡುವುದು ಎತ್ತರದ ಜಾಗದಲ್ಲಿ, ಗಟ್ಟಿ ಗರಸಿನಲ್ಲಿ. ಅಚ್ಚುಕಟ್ಟಿನ ಹತ್ತಿರ ತೋಡಿದರೆ ಒಸರು ನೀರು ಬಂದು ಗೋಡೆಗೆ ತಗುಲಿದ ಕಾಳು ಮುಗ್ಗುತ್ತದೆ. ಬಾಯಿ ಒಬ್ಬ ಆಳು ಇಳಿಯುವಷ್ಟು ಮಾತ್ರ, ಹೊಟ್ಟೆ ಅಗಲ. ಒಳಗೆ ಹುಲ್ಲು ಸುಟ್ಟು ಗೋಡೆ ಒಣಗಿಸಿ, ಸಗಣಿ ಮಣ್ಣು ಬಳಿದು, ಆರಿದ ಮೇಲೆ ಒಣಹುಲ್ಲು ಒತ್ತಿ ಹಾಸಬೇಕು. ಕಾಳಿನ ತೇವ ಶೇ. 12ಕ್ಕಿಂತ ಹೆಚ್ಚಿರಬಾರದು. ಕಣದ ಬಿಸಿಲಿನಲ್ಲಿ ಕಾದದ್ದನ್ನು ಬಿಸಿಬಿಸಿಯಾಗಿ ತುಂಬಿದರೆ ಒಳಗೇ ಬೆವರಿ ಮೇಲಿನ ಪದರ ಗಂಟು ಕಟ್ಟುತ್ತದೆ, ರಾತ್ರಿ ತಣ್ಣಗಾಗಿಸಿ ಬೆಳಗ್ಗೆ ತುಂಬಬೇಕು. ಬಾಯಿಮಟ್ಟ ತುಂಬುವುದು ಮುಖ್ಯ: ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ ಕಾಳು ಮತ್ತು ಹುಳು ಉಸಿರಾಡಿ ಆಮ್ಲಜನಕ ಮುಗಿಯುತ್ತದೆ, ಹುಳು ಸಾಯುತ್ತದೆ. ಅರ್ಧ ಖಾಲಿ ಬಿಟ್ಟರೆ, ಅಥವಾ ಬೇಕೆಂದಾಗಲೆಲ್ಲ ತೆಗೆದು ಮುಚ್ಚಿದರೆ ಆ ಗುಣ ಹೋಯಿತು.

ಅದೇ ಗುಣ ಮನುಷ್ಯನನ್ನೂ ಕೊಲ್ಲುತ್ತದೆ. ತೆಗೆದ ಹಗೇವಿಗೆ ತಕ್ಷಣ ಇಳಿದು ಸತ್ತವರುಂಟು. ಚಪ್ಪಡಿ ಸರಿಸಿ ಒಂದು ದಿನ ಬಿಡಬೇಕು, ದೀಪ ಇಳಿಬಿಟ್ಟು ನೋಡಬೇಕು, ಆರಿದರೆ ಇಳಿಯುವ ಮಾತೇ ಇಲ್ಲ. ದೀಪ ಉರಿದರೂ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಇರಲೇಬೇಕು. ದೀಪ ಉರಿಯುವ ಗಾಳಿಯಲ್ಲೂ ತಲೆ ಸುತ್ತಿ ಬೀಳುವಷ್ಟು ಇಂಗಾಲದ ಡೈಆಕ್ಸೈಡ್ ಇರಬಹುದು.

ಹಿಟ್ಟು ಮಾಡಿ ಇಡುವಂತಿಲ್ಲ, ಕೆಲವೇ ತಿಂಗಳಲ್ಲಿ ಕಮಟು ಬರುತ್ತದೆ. ಆದ್ದರಿಂದ ಬೀಸುವ ಕಲ್ಲು ಬೇಕು. ಉಪ್ಪು ನಮ್ಮ ಸೀಮೆಯಲ್ಲಿ ಹುಟ್ಟುವುದಿಲ್ಲ, ಐದು ಜನಕ್ಕೆ ವರ್ಷಕ್ಕೆ 9 ಕಿಲೋ ಲೆಕ್ಕ ಹಾಕಿ. ಬಿತ್ತನೆ ರಾಗಿಯನ್ನು ಬೇರೆಯೇ ಇಡಬೇಕು, ತಿನ್ನಲು ಚೆನ್ನಾಗಿರುವ ಹಳೆಯ ಕಾಳು ಮೊಳೆಯದೇ ಹೋಗಬಹುದು. ಕೂರಿಗೆಗೆ ಎಕರೆಗೆ 4–5 ಕಿಲೋ, ನಾಟಿಗೆ 2 ಕಿಲೋ ಸಾಕು. ರಾಗಿ ತನ್ನದೇ ಪರಾಗದಿಂದ ಕಾಳುಕಟ್ಟುವ ಬೆಳೆಯಾದ್ದರಿಂದ ಇಂಡಾಫ್ ತಳಿಯಾಗಲಿ, ಜಿಪಿಯು-28 ತಳಿಯಾಗಲಿ, ಮನೆಯ ಬೀಜದಿಂದಲೇ ಮುಂದುವರಿಯುತ್ತದೆ. ಕೋಲಾರದ ಟೊಮ್ಯಾಟೊಗೆ ಆ ಭಾಗ್ಯವಿಲ್ಲ, ಹೈಬ್ರಿಡ್ ಬೀಜದ ಪೊಟ್ಟಣ ಬರುವುದು ನಿಂತ ವರ್ಷ ಅದರ ಕಥೆಯೂ ನಿಂತಂತೆ.

ಹಗೇವು ತೋಡಿದ, ತುಂಬಿದ, ಇಳಿದ ಹಿರಿಯರು ಇನ್ನೂ ಕೆಲವೇ ವರ್ಷ ಸಿಗುತ್ತಾರೆ. ಈ ಬೇಸಿಗೆಯಲ್ಲಿ ಊರಿಗೆ ಹೋಗುವವರು ಅವರನ್ನು ಕೇಳಿ ಬರೆದುಕೊಂಡು ಬನ್ನಿ: ಬಾಯಿ ಎಷ್ಟು ಅಗಲ, ಆಳ ಎಷ್ಟು, ಯಾವ ಮಣ್ಣು, ಎಷ್ಟು ಪಲ್ಲ ಹಿಡಿಯುತ್ತಿತ್ತು, ಎಷ್ಟು ವರ್ಷಕ್ಕೆ ತೆಗೆದರು, ಎಲ್ಲಿ ಮುಗ್ಗಿತ್ತು. ತುಮಕೂರು ಕಡೆಯ ಗರಸಿಗೂ ಕೋಲಾರದ ಕೆಂಪು ಮಣ್ಣಿಗೂ ಅಳತೆ ಬೇರೆಯಾಗುತ್ತದೆ, ಎರಡೂ ಬೇಕು. ಬಂದ ಅಳತೆಗಳನ್ನು ಯುಗಾದಿ ಸಂಚಿಕೆಯಲ್ಲಿ ಚಿತ್ರದೊಂದಿಗೆ ಹಾಕುತ್ತೇವೆ.